ಕಾರ್ಡಿನ ಬೆನ್ನು

ಬರೆದ ಕಾಗದಕ್ಕಿಂತ ಬರೆಯದ ಕಾಗದಕ್ಕೆ ಬೆಲೆ ಹೆಚ್ಚು ಎಂಬ ಮಾತನ್ನು ನಾನು ಮೊದಲ ಸಲ ಕೇಳಿದ್ದು ಅಮೆರಿಕದ ಓಹಾಯೋ ರಾಜ್ಯದ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ. ಇಪ್ಪತ್ತೇಳು ವರ್ಷಗಳಿಂದ ಮಕ್ಕಳಿಗೆ “ಬರೀರಿ, ಬರೀರಿ” ಎಂದು ಗಂಟಲು ಹರಿದುಕೊಳ್ಳುತ್ತ ಬಂದವಳಿಗೆ ಅದು ಸುಮ್ಮನೆ ಕೇಳಿ ಬಿಡುವಂಥ ಮಾತಾಗಿರಲಿಲ್ಲ.

ಬೇಸಿಗೆ ರಜೆಯಲ್ಲಿ ಮಗಳ ಮನೆಗೆ ಹೋಗಿದ್ದೆ. ಒಂದು ಶನಿವಾರ ಅವಳು ನನ್ನನ್ನು ಆ ಅಂಗಡಿಗೆ ಕರೆದುಕೊಂಡು ಹೋದಳು. ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆ, ಹಾಲಿನ ಕ್ಯಾನು, ಕೈಮುರಿದ ಗೊಂಬೆ ಇವುಗಳ ನಡುವೆ ಒಂದು ಮೇಜು. ಅದರ ಮೇಲೆ ಬೂಟಿನ ರಟ್ಟಿನ ಡಬ್ಬಗಳು. ಡಬ್ಬದೊಳಗೆ ಹಳೆಯ ಪೋಸ್ಟ್‌ಕಾರ್ಡುಗಳನ್ನು ಸಾಲಾಗಿ ನಿಲ್ಲಿಸಿ, ನಡುನಡುವೆ ಚೀಟಿ ಇಟ್ಟಿದ್ದರು: ಕ್ರಿಸ್‌ಮಸ್ ಸಾಂತಾ, ಕ್ರಿಸ್‌ಮಸ್ ಮಕ್ಕಳು, ಕ್ರಿಸ್‌ಮಸ್ ಗಂಟೆಗಳು. ಒಂದನ್ನು ಎತ್ತಿಕೊಂಡೆ. ಹಿಮದಲ್ಲಿ ನಿಂತ ಒಂದು ಹುಡುಗಿ, ಕೈಯಲ್ಲಿ ಹಾಲಿ ಗಿಡದ ಕೊಂಬೆ, ಸುತ್ತ ಚಿನ್ನದ ಬಣ್ಣದ ಅಂಚು. ಕಣ್ಣಿಗಿಂತ ಮೊದಲು ಬೆರಳಿಗೆ ಆಶ್ಚರ್ಯವಾಯಿತು. ಹುಡುಗಿಯ ಕೆನ್ನೆ, ಟೋಪಿಯ ತುಪ್ಪಳ, ಕೊಂಬೆಯ ಕೆಂಪು ಹಣ್ಣು ಎಲ್ಲವೂ ಕಾಗದದಿಂದ ಉಬ್ಬಿ ಮೇಲೆದ್ದಿದ್ದವು. ಅಂಥದೇ ಇನ್ನೊಂದು ಕಾರ್ಡು ಪಕ್ಕದಲ್ಲಿತ್ತು. ಅದಕ್ಕೆ ಎಂಟು ಡಾಲರು, ನನ್ನ ಕೈಯಲ್ಲಿದ್ದುದಕ್ಕೆ ಮೂರು. ಏಕೆಂದು ಕೇಳಿದೆ. ಅಂಗಡಿಯ ಅಜ್ಜಿ ಕಾರ್ಡನ್ನು ತಿರುಗಿಸಿ ತೋರಿಸಿ, ಪಾಪ, ನನಗೆ ಸಮಾಧಾನ ಹೇಳುವವರಂತೆ, “ಯಾರೋ ಬರೆದುಬಿಟ್ಟಿದ್ದಾರೆ ನೋಡಿ, ಅದಕ್ಕೇ ಬೆಲೆ ಇಳಿಸಿದ್ದೇನೆ” ಎಂದರು.

ನಾನು ಬರೆದದ್ದನ್ನೇ ಕೊಂಡೆ. ಎರಡು ರಜೆಗಳಲ್ಲಿ ಅಂಥ ಇಪ್ಪತ್ತಮೂರು ಕಾರ್ಡುಗಳನ್ನು ಕೂಡಿಸಿದ್ದೇನೆ. ಸಂಗ್ರಾಹಕಿ ಎಂದು ಕರೆಸಿಕೊಳ್ಳುವಷ್ಟು ದೊಡ್ಡ ಗಂಟೇನಲ್ಲ. ಆದರೆ ಈ ಹವ್ಯಾಸದ ಬಗ್ಗೆ ಒಂದು ತಕರಾರು ತೆಗೆಯಲು ಸಾಕು.

ಮೊದಲು ಈ ಕಾರ್ಡುಗಳ ಹುಟ್ಟನ್ನು ಹೇಳಬೇಕು. ಕ್ರಿಸ್‌ಮಸ್‌ಗೆಂದು ಅಚ್ಚು ಮಾಡಿ ಮಾರಿದ ಮೊದಲ ಶುಭಾಶಯ ಪತ್ರ 1843ರದು. ಲಂಡನ್ನಿನ ಹೆನ್ರಿ ಕೋಲ್ ಎಂಬುವರು ಜಾನ್ ಹಾರ್ಸ್ಲಿ ಎಂಬ ಕಲಾವಿದರಿಂದ ಅದನ್ನು ಬರೆಸಿದರು. ಕಲ್ಲಚ್ಚಿನಲ್ಲಿ ಮುದ್ರಿಸಿ ಕೈಯಿಂದ ಬಣ್ಣ ತುಂಬಿದ ಅದರ ಬೆಲೆ ಒಂದು ಶಿಲಿಂಗ್. ಬಡವರಿಗೆ ಎಟುಕುವಂಥದ್ದಲ್ಲ. ಅದೇ 1843ರ ಜುಲೈ 1ರಂದು ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದೂ ಕಲ್ಲಚ್ಚಿನದೇ. ಒಂದೇ ವರ್ಷ ಕಲ್ಲು ಅಲ್ಲಿ ಹಬ್ಬದ ಶುಭಾಶಯ ಹೇಳಿತು, ಇಲ್ಲಿ ಕನ್ನಡದಲ್ಲಿ ಸುದ್ದಿ ಹೇಳಿತು.

ಪೋಸ್ಟ್‌ಕಾರ್ಡು ಬಂದದ್ದು ಆಮೇಲೆ. 1869ರಲ್ಲಿ ಆಸ್ಟ್ರಿಯಾ-ಹಂಗೆರಿಯಲ್ಲಿ ಮೊದಲು, ಮರುವರ್ಷ ಬ್ರಿಟನ್ನಿನಲ್ಲಿ. ನಮ್ಮ ದೇಶಕ್ಕೆ 1879ರ ಜುಲೈಯಲ್ಲಿ ಬಂತು, ಕಾಲಾಣೆಗೆ ಒಂದರಂತೆ. ಅಮೆರಿಕದಲ್ಲಿ 1898ರ ಒಂದು ಕಾಯಿದೆಯಿಂದ ಖಾಸಗಿ ಮುದ್ರಕರ ಕಾರ್ಡುಗಳೂ ಒಂದೇ ಸೆಂಟಿನ ಅಂಚೆದರದಲ್ಲಿ ಹೋಗುವಂತಾಯಿತು. ಆದರೆ ವಿಳಾಸದ ಬದಿಯಲ್ಲಿ ಬೇರೇನೂ ಬರೆಯುವಂತಿರಲಿಲ್ಲ. ಹೇಳಬೇಕಾದ ಮಾತನ್ನು ಚಿತ್ರದ ಅಂಚಿನಲ್ಲಿ, ಸಾಂತಾನ ಗಡ್ಡದ ಕೆಳಗೆ, ಚರ್ಚಿನ ಗೋಪುರದ ಪಕ್ಕದಲ್ಲಿ ತುರುಕಬೇಕಿತ್ತು. ಬೆನ್ನಿನ ನಡುವೆ ಗೆರೆ ಎಳೆದು, ಬಲಕ್ಕೆ ವಿಳಾಸ, ಎಡಕ್ಕೆ ಮಾತು ಎಂಬ ಅನುಮತಿ ಬ್ರಿಟನ್ನಿನಲ್ಲಿ 1902ರಲ್ಲಿ, ಜರ್ಮನಿಯಲ್ಲಿ 1905ರಲ್ಲಿ, ಅಮೆರಿಕದಲ್ಲಿ 1907ರ ಮಾರ್ಚ್ 1ರಂದು ಸಿಕ್ಕಿತು. ಐದೂವರೆ ಅಂಗುಲದ ಕಾರ್ಡಿನಲ್ಲಿ ಮನಸ್ಸು ಬಿಚ್ಚಲು ಮೂರಂಗುಲವೂ ಇಲ್ಲ. ಆದರೂ ಜನ ಮುಗಿಬಿದ್ದರು. 1908ರ ಜೂನ್ 30ಕ್ಕೆ ಮುಗಿದ ಒಂದು ವರ್ಷದಲ್ಲಿ ಅಮೆರಿಕದ ಅಂಚೆಯಲ್ಲಿ ಹೋದ ಪೋಸ್ಟ್‌ಕಾರ್ಡುಗಳು 67 ಕೋಟಿಗೂ ಹೆಚ್ಚು. ಆಗ ಆ ದೇಶದ ಜನಸಂಖ್ಯೆ ಒಂಬತ್ತು ಕೋಟಿಯನ್ನೂ ಮುಟ್ಟಿರಲಿಲ್ಲ.

ಆ ಕಾಲದ ಒಳ್ಳೆಯ ಉಬ್ಬಚ್ಚಿನ ಕಾರ್ಡುಗಳಲ್ಲಿ ಬಹುಪಾಲು ಜರ್ಮನಿಯಲ್ಲಿ ಮುದ್ರಣವಾದವು. ಬವೇರಿಯಾದ ಝೋಲನ್‌ಹೋಫನ್ ಎಂಬಲ್ಲಿ ಸಿಗುವ ನುಣುಪಾದ ಸುಣ್ಣಕಲ್ಲಿನ ಮೇಲೆ ಚಿತ್ರ ಬರೆದು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನಂತೆ ಒಂದರ ಮೇಲೊಂದು ಒತ್ತುತ್ತಿದ್ದರು. ನಮ್ಮ ದೇವರಮನೆಗಳಿಗೆ ಲಕ್ಷ್ಮಿ ಸರಸ್ವತಿಯರನ್ನು ತಂದುಕೊಟ್ಟ, 1894ರಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನ ಯಂತ್ರಗಳೂ ಕುಶಲಕರ್ಮಿಗಳೂ ಜರ್ಮನಿಯಿಂದಲೇ ಬಂದಿದ್ದರು. ಬಣ್ಣವೆಲ್ಲ ಒಣಗಿದ ಮೇಲೆ ಉಬ್ಬಚ್ಚು. ಲಗ್ನಪತ್ರಿಕೆ ಅಂಗಡಿಯವರು ‘ಎಂಬಾಸಿಂಗ್ ಗಣಪತಿ ಬೇಕಾ?’ ಎಂದು ಕೇಳುತ್ತಾರಲ್ಲ, ಅದೇ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಎರಡು ಹೋಳು ಇರುವ ಹಾಗೆ ಇಲ್ಲಿಯೂ ಎರಡು ಅಚ್ಚು: ಒಂದು ಕೊರೆದದ್ದು, ಇನ್ನೊಂದು ಅದಕ್ಕೆ ಕೂಡುವ ಉಬ್ಬು. ನಡುವೆ ಕಾಗದ ಇಟ್ಟು ಬಲವಾಗಿ ಒತ್ತಿದರೆ ಚಿತ್ರ ಮೇಲೇಳುತ್ತದೆ. ಅಚ್ಚು ಕೂದಲೆಳೆಯಷ್ಟು ಸರಿದರೂ ಮೂಗು ಒಂದು ಕಡೆ, ಮೂಗಿನ ಉಬ್ಬು ಇನ್ನೊಂದು ಕಡೆ. ಬರ್ಲಿನ್ನಿನ ಪಾಲ್ ಫಿಂಕೆನ್‌ರಾಥ್ ಸಂಸ್ಥೆಯ, ಪಿ.ಎಫ್.ಬಿ. ಎಂಬ ಗುರುತಿನ ಕಾರ್ಡುಗಳು ಈ ಕೆಲಸದಲ್ಲಿ ಹೆಸರುವಾಸಿ. ಅದರ ಒಂದು ಗಂಟೆಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರೂ ಅದು ಗಂಟೆಯೆಂದು ತಿಳಿಯುತ್ತದೆ.

ಇನ್ನು ಚಿತ್ರಗಳ ಗುಣದೋಷ. ಸಂಗ್ರಾಹಕರು ಹುಡುಕುವ ಹೆಸರುಗಳಲ್ಲಿ ಇಬ್ಬರು ಹೆಂಗಸರಿದ್ದಾರೆ: ಎಲೆನ್ ಕ್ಲ್ಯಾಪ್‌ಸ್ಯಾಡಲ್ ಮತ್ತು ಫ್ರಾನ್ಸಿಸ್ ಬ್ರಂಡೇಜ್. ಬ್ರಂಡೇಜ್ ಲಂಡನ್ನಿನ ರಾಫೆಲ್ ಟಕ್ ಸಂಸ್ಥೆಗೂ ಚಿತ್ರ ಬರೆದವರು. ಅವರ ಮಕ್ಕಳಿಗೆ ದೊಡ್ಡ ಕಣ್ಣು, ತುಂಬಿದ ಕೆನ್ನೆ. ತಾವು ಮುದ್ದಾಗಿದ್ದೇವೆಂದು ಅವಕ್ಕೇ ಗೊತ್ತಿದೆಯೇನೋ ಅನ್ನಿಸುತ್ತದೆ. ಜಾನ್ ವಿಂಚ್ ಪ್ರಕಟಿಸಿದ ಕಾರ್ಡುಗಳಿಗೆ ಸ್ಯಾಮ್ಯುಯೆಲ್ ಶ್ಮಕರ್ ಬರೆದ ತೆಳ್ಳನೆಯ ಸುಂದರಿಯರು ಕ್ರಿಸ್‌ಮಸ್‌ಗಿಂತ ತಮ್ಮ ಸೀರೆಯಂಥ ಉಡುಪಿನ ಮಡಿಕೆಗಳ ಕಡೆಗೇ ಹೆಚ್ಚು ಗಮನ ಕೊಟ್ಟವರಂತೆ ಕಾಣುತ್ತಾರೆ. ನನಗೆ ಹಿಡಿಸಿದ್ದು ಕ್ಲ್ಯಾಪ್‌ಸ್ಯಾಡಲ್. ಆಕೆಯ ಮಕ್ಕಳು ಏನಾದರೊಂದು ಕೆಲಸದಲ್ಲಿರುತ್ತಾರೆ. ಉಡುಗೊರೆ ಹೊತ್ತು ನಡೆಯುತ್ತಾರೆ, ಹಿಮ ಉಂಡೆ ಕಟ್ಟುತ್ತಾರೆ. ಕೋಟಿನ ಗುಂಡಿ, ಕೈಚೀಲದ ಹೆಣಿಗೆ ಎಲ್ಲವನ್ನೂ ಆಕೆ ಸ್ವತಃ ಹೊಲಿದವರಂತೆ ಬರೆದಿದ್ದಾರೆ.

ಆದರೂ ಹತ್ತು ಕಾರ್ಡು ನೋಡುವಷ್ಟರಲ್ಲಿ ಬಾಯಿ ಸಿಹಿಯಾಗಿ ಬಿಡುತ್ತದೆ. ಎಲ್ಲ ಮಕ್ಕಳದೂ ಒಂದೇ ಮುಖ. ಯಾರಿಗೂ ನೆಗಡಿ ಇಲ್ಲ, ಯಾರ ಬೂಟಿಗೂ ತೂತಿಲ್ಲ. ಕಾರ್ಡುಗಳ ಸುಗ್ಗಿಯ ಆ 1908ರಲ್ಲಿಯೇ ಲೂಯಿಸ್ ಹೈನ್ ಎಂಬುವರು ಬಾಲಕಾರ್ಮಿಕ ಸಮಿತಿಯೊಂದರ ಪರವಾಗಿ ಅಮೆರಿಕದ ಹತ್ತಿ ಗಿರಣಿಗಳಲ್ಲಿ, ಗಣಿಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆಯತೊಡಗಿದ್ದರು. ಅವರು ಅದಕ್ಕೆ ಮೊದಲು ನನ್ನ ಹಾಗೆಯೇ ಶಾಲಾ ಮೇಷ್ಟರು. ಅವರ ಫೋಟೋಗಳಲ್ಲಿ ನೂಲಿನ ಯಂತ್ರದೆದುರು ಬರಿಗಾಲಲ್ಲಿ ನಿಂತ ಹುಡುಗಿಯರನ್ನು ನೋಡಿ, ಮತ್ತೆ ಈ ತುಪ್ಪಳದ ಟೋಪಿಯವರನ್ನು ನೋಡಿದರೆ ಕಸಿವಿಸಿಯಾಗುತ್ತದೆ. ಕಾರ್ಡಿನ ಮುಖವನ್ನಷ್ಟೇ ನೋಡಿದರೆ ಇದು ಸುಳ್ಳು ಕಲೆ, ಸಕ್ಕರೆಯ ಕಲೆ ಎಂದೇ ತೀರ್ಪು ಕೊಡಬೇಕಾಗುತ್ತದೆ. ಮುಖವನ್ನಷ್ಟೇ ನೋಡುವವರು ನಾಲ್ಕು ದಿನ ಸಂಗ್ರಹಿಸಿ ಬೇಸತ್ತರೆ ನನಗೆ ಆಶ್ಚರ್ಯವಿಲ್ಲ.

ಆದ್ದರಿಂದ ತಿರುಗಿಸಬೇಕು ಎನ್ನುತ್ತೇನೆ.

ಉಬ್ಬಚ್ಚಿನ ಕಾರ್ಡಿನ ಬೆನ್ನನ್ನು ನೀವು ನೋಡಿದ್ದೀರೋ ಇಲ್ಲವೋ. ಮುಂದೆ ಉಬ್ಬಿದ್ದೆಲ್ಲ ಹಿಂದೆ ಕುಳಿ. ಮುಂದಿನ ಕೆನ್ನೆ ಹಿಂದೆ ಹಳ್ಳ, ಮುಂದಿನ ಗಂಟೆ ಹಿಂದೆ ಬಟ್ಟಲು. ಬರೆಯುವವಳ ಲೇಖನಿ ಆ ಹಳ್ಳ ದಿಣ್ಣೆಗಳ ಮೇಲೆ ಎತ್ತಿನಗಾಡಿಯಂತೆ ಹೋಗಬೇಕು. ನನ್ನ ಒಂದು ಕಾರ್ಡಿನಲ್ಲಿ ಸಾಂತಾನ ಚೀಲವಿರುವ ಜಾಗದ ಹಿಂಬದಿಗೆ ಬಂದಾಗಲೆಲ್ಲ ಅಕ್ಷರ ಎಡವಿದೆ, ಒಂದೆರಡು ಕಡೆ ಶಾಯಿ ಕುಳಿಯಲ್ಲಿ ನಿಂತು ಹೆಪ್ಪುಗಟ್ಟಿದೆ. ಆದರೂ ಆಕೆ ಬರೆದಿದ್ದಾಳೆ. ‘ಬರೆದಿದ್ದಾಳೆ’ ಎಂದು ಧೈರ್ಯವಾಗಿ ಹೇಳುತ್ತೇನೆ. ನನ್ನ ಇಪ್ಪತ್ತಮೂರರಲ್ಲಿ ಹದಿನೇಳು ಹೆಂಗಸರ ಹೆಸರಿಗೆ ಬಂದವು, ಅವುಗಳಲ್ಲಿ ಹೆಚ್ಚಿನವು ಹೆಂಗಸರು ಬರೆದವು.

ಏನು ಬರೆದಿದ್ದಾರೆ? ಕಳಿಸಿದ ಪೆಟ್ಟಿಗೆ ತಲುಪಿತು. ಕೋಳಿಗಳು ಮೊಟ್ಟೆ ನಿಲ್ಲಿಸಿವೆ. ಮಗುವಿಗೆ ಎರಡು ಹಲ್ಲು ಬಂದಿದೆ. ಅಮ್ಮನ ಕೆಮ್ಮು ಇಳಿದಿಲ್ಲ. ಹಸು ಕರೆಯುವವರಿಲ್ಲ, ಆದ್ದರಿಂದ ಈ ಸಲ ಬರಲಾಗುವುದಿಲ್ಲ. ಈ ‘ಬರಲಾಗುವುದಿಲ್ಲ’ ಎಂಬುದು ನನ್ನ ಒಂಬತ್ತು ಕಾರ್ಡುಗಳಲ್ಲಿದೆ. ಮುಂದೆ ಇಡೀ ಸಂಸಾರ ಬೆಂಕಿಯ ಸುತ್ತ ಕುಳಿತ ಚಿತ್ರ, ಹಿಂದೆ ‘ಬರಲಾಗುವುದಿಲ್ಲ’. ನಾನು ಮೊದಲು ಕೊಂಡ ಹುಡುಗಿಯ ಚಿತ್ರದ ಕಾರ್ಡಿನಲ್ಲಿ ಒಬ್ಬ ಅಕ್ಕ ತಂಗಿಗೆ ಬರೆದಿದ್ದಾಳೆ: ಚಿಕ್ಕವನು ಈಗ ಸ್ವಲ್ಪ ಸ್ವಲ್ಪ ಉಣ್ಣುತ್ತಿದ್ದಾನೆ, ಈ ವರ್ಷ ಮರ ತರುವುದಿಲ್ಲ. ಅಷ್ಟೇ. ಚಿಕ್ಕವನಿಗೆ ಏನಾಗಿತ್ತು, ಆಮೇಲೆ ಏನಾಯಿತು, ನನಗೆ ಯಾರೂ ಹೇಳುವುದಿಲ್ಲ. ಆದರೆ ಆ ಎರಡು ವಾಕ್ಯ ಓದಿ ಕಾರ್ಡನ್ನು ಮತ್ತೆ ತಿರುಗಿಸಿದಾಗ ಹುಡುಗಿಯ ಕೆಂಪು ಕೆನ್ನೆ ನನಗೆ ಸುಳ್ಳಾಗಿ ಕಾಣಲಿಲ್ಲ. ಕಾಯಿಲೆಯ ಮನೆಯಲ್ಲಿ ಕುಳಿತವಳು ಅಂಗಡಿಯಲ್ಲಿದ್ದ ಅಷ್ಟೂ ಕಾರ್ಡುಗಳಲ್ಲಿ ಆರೋಗ್ಯವಂತ ಮಗುವಿನ ಚಿತ್ರವನ್ನೇ ಆರಿಸಿ ತಂಗಿಗೆ ಕಳಿಸಿದ್ದಾಳೆ. ಬಾಯಲ್ಲಿ ಹೇಳಲಾಗದ ಹಾರೈಕೆಯನ್ನು ಚಿತ್ರಕ್ಕೆ ಒಪ್ಪಿಸಿದ್ದಾಳೆ. ಸಕ್ಕರೆ ಯಾಕೆ ಬೇಕಿತ್ತು ಎಂಬುದು ಬೆನ್ನು ಓದಿದವರಿಗೆ ಗೊತ್ತಾಗುತ್ತದೆ.

ನನ್ನ ತಕರಾರು ಇಲ್ಲಿದೆ. ಸಂಗ್ರಾಹಕರ ಲೋಕದಲ್ಲಿ ಕಾರ್ಡಿಗೆ ದರ್ಜೆ ಕೊಡುವ ಕ್ರಮವಿದೆ, ನಾವು ಉತ್ತರಪತ್ರಿಕೆಗೆ ಕೊಡುವ ಹಾಗೆ. ಮುದ್ರಣಾಲಯದಿಂದ ಈಗ ತಾನೇ ಬಂದಂತಿದ್ದರೆ ‘ಮಿಂಟ್’. ಮೂಲೆ ಮಡಿಚಿದ್ದರೆ ಅಂಕ ಇಳಿಯುತ್ತದೆ, ಉಬ್ಬಿನ ತುದಿ ಸವೆದಿದ್ದರೆ ಇನ್ನೂ ಇಳಿಯುತ್ತದೆ. ಚಿತ್ರದ ಮೇಲೆ ಬರೆದಿದ್ದರೆ ಕೇಳುವುದೇ ಬೇಡ. ಕೆಂಪು ನಿಲುವಂಗಿಯ ಸಾಂತಾನಿಗಿಂತ ಹಸಿರು, ಕಂದು, ನೇರಳೆ ನಿಲುವಂಗಿಯವನಿಗೆ ಬೆಲೆ ಹೆಚ್ಚು. ಸಹಿಯಿದ್ದರೆ ಹೆಚ್ಚು. ಇದೆಲ್ಲ ಸರಿ, ಒಡವೆಗೂ ಸೀರೆಗೂ ನಾವು ಹೀಗೇ ಲೆಕ್ಕ ಹಾಕುತ್ತೇವೆ. ಆದರೆ ಯೋಚಿಸಿ: ಉಬ್ಬಿನ ತುದಿ ಯಾಕೆ ಸವೆಯುತ್ತದೆ? ಯಾರೋ ಅದನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡಿದ್ದರಿಂದ. ದೇವಸ್ಥಾನದ ಹೊಸ್ತಿಲು ಸವೆದಿದೆಯೆಂದು ಯಾರೂ ದೇವರಿಗೆ ಅಂಕ ಕಡಿಮೆ ಮಾಡುವುದಿಲ್ಲ. ‘ಮಿಂಟ್’ ಕಾರ್ಡೆಂದರೆ ಯಾರೂ ಯಾರಿಗೂ ಕಳಿಸದ ಕಾರ್ಡು. ಅದಕ್ಕೆ ಮೊದಲ ಬಹುಮಾನ ಕೊಡುವುದು, ಶಾಲೆಗೇ ಬಾರದ ಹುಡುಗನ ಪುಸ್ತಕ ಹೊಸದಾಗಿದೆಯೆಂದು ಅವನಿಗೆ ಬಹುಮಾನ ಕೊಟ್ಟ ಹಾಗೆ.

ಈ ಹವ್ಯಾಸಕ್ಕೆ ಇಂಗ್ಲಿಷಿನಲ್ಲಿ ‘ಡೆಲ್ಟಿಯಾಲಜಿ’ ಎಂಬ ಹೆಸರಿದೆ. ಓಹಾಯೋದವರೇ ಒಬ್ಬರು 1945ರಲ್ಲಿ ಇದನ್ನು ಕಟ್ಟಿದರಂತೆ. ಮೂಲದಲ್ಲಿರುವ ಗ್ರೀಕ್ ಪದದ ಅರ್ಥ ‘ಪುಟ್ಟ ಬರೆಯುವ ಹಲಗೆ’. ನೋಡಿ, ಹೆಸರಿನಲ್ಲಿಯೇ ಬರವಣಿಗೆ ಇದೆ, ಚಿತ್ರವಿಲ್ಲ. ಹಲಗೆಯ ಶಾಸ್ತ್ರ ಎಂದು ಹೆಸರಿಟ್ಟುಕೊಂಡು, ಹಲಗೆಯ ಮೇಲೆ ಬರೆದದ್ದೇ ಕೊರತೆ ಎಂದರೆ ಹೇಗೆ?

ಹಾಗೆಂದು ಸಂಗ್ರಾಹಕರನ್ನು ಬರಿದೇ ಬೈಯಲು ನನಗೆ ಮನಸ್ಸಿಲ್ಲ. ಅವರಿಲ್ಲದಿದ್ದರೆ ಈ ಕಾರ್ಡುಗಳು ಎಂದೋ ಒಲೆ ಸೇರುತ್ತಿದ್ದವು. ಸಿರಾಕ್ಯೂಸ್ ಊರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಜೆಫರ್ಸನ್ ಬರ್ಡಿಕ್ ಎಂಬುವರು ಶುಭಾಶಯ ಪತ್ರ, ಪೋಸ್ಟ್‌ಕಾರ್ಡು, ಜಾಹೀರಾತಿನ ಚೀಟಿ ಎಂದು ಮೂರು ಲಕ್ಷಕ್ಕೂ ಹೆಚ್ಚು ಕಾಗದದ ಚೂರುಗಳನ್ನು ಕೂಡಿಸಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟರು. ಸಂಧಿವಾತದಿಂದ ಕೈ ಸೊಟ್ಟಗಾಗಿದ್ದರೂ ವರ್ಷಗಟ್ಟಲೆ ಅಲ್ಲಿ ಕುಳಿತು ಅವನ್ನು ಆಲ್ಬಮ್ಮುಗಳಿಗೆ ಅಂಟಿಸಿದರು. 1963ರಲ್ಲಿ ಆ ಕೆಲಸ ಮುಗಿಸಿ ಕೆಲವೇ ವಾರಗಳಲ್ಲಿ ತೀರಿಕೊಂಡರು. ಇಂಥವರ ಮುಂದೆ ಕೈ ಮುಗಿಯಬೇಕು. ಆದರೂ ಅಂಟು ಎಂಬ ಮಾತು ಬಂದಾಗ ನನ್ನ ಮನಸ್ಸು ತಡೆಯುತ್ತದೆ. ಅಂಟಿಸಿದ ಮೇಲೆ ಬೆನ್ನು ಯಾರಿಗೂ ಕಾಣುವುದಿಲ್ಲ.

ಈ ಕಾರ್ಡುಗಳ ಸುಗ್ಗಿ ಬಹಳ ದಿನ ಉಳಿಯಲಿಲ್ಲ. 1909ರಲ್ಲಿ ಅಮೆರಿಕ ಹೊರದೇಶದ ಮುದ್ರಣದ ಮೇಲೆ ಸುಂಕ ಏರಿಸಿತು. 1914ರಲ್ಲಿ ಯುದ್ಧ ಬಂತು, ಜರ್ಮನಿಯ ಮುದ್ರಣಾಲಯಗಳ ದಾರಿ ಮುಚ್ಚಿತು. ಮಡಿಸಿ ಲಕೋಟೆಯಲ್ಲಿಡುವ ಶುಭಾಶಯ ಪತ್ರಗಳು ಅವುಗಳ ಜಾಗಕ್ಕೆ ಬಂದವು. ಮುಂದೆ ‘ಹಾಲ್‌ಮಾರ್ಕ್’ ಎಂದು ಹೆಸರಾದ ಸಂಸ್ಥೆಯ ಜಾಯ್ಸ್ ಹಾಲ್ 1910ರಲ್ಲಿ ವ್ಯಾಪಾರ ಶುರು ಮಾಡಿದ್ದು ಎರಡು ಬೂಟಿನ ಡಬ್ಬಗಳ ತುಂಬ ಪೋಸ್ಟ್‌ಕಾರ್ಡು ಹಿಡಿದುಕೊಂಡು. ಬೂಟಿನ ಡಬ್ಬದಿಂದ ಹೊರಟ ಕಾರ್ಡುಗಳು ತಿರುಗಿ ಬೂಟಿನ ಡಬ್ಬವನ್ನೇ ಸೇರಿವೆ.

ಕ್ಲ್ಯಾಪ್‌ಸ್ಯಾಡಲ್ ಏನಾದರು? 1865ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ ಹುಟ್ಟಿ, ಮನೆಯಲ್ಲಿ ಚಿತ್ರಕಲೆಯ ಪಾಠ ಹೇಳುತ್ತಿದ್ದ ಆಕೆ ಸಾವಿರಾರು ಕಾರ್ಡುಗಳಿಗೆ ಚಿತ್ರ ಬರೆದರು. ಅವು ಅಚ್ಚಾದದ್ದು ಜರ್ಮನಿಯಲ್ಲಿ. ಯುದ್ಧದೊಂದಿಗೆ ಆ ಕೆಲಸ ಹೋಯಿತು. ಮದುವೆಯಾಗಿರಲಿಲ್ಲ. 1934ರ ಜನವರಿಯಲ್ಲಿ, ಅರವತ್ತೊಂಬತ್ತು ತುಂಬಲು ಒಂದು ದಿನ ಇರುವಾಗ, ನ್ಯೂಯಾರ್ಕಿನ ವೃದ್ಧಾಶ್ರಮವೊಂದರಲ್ಲಿ ತೀರಿಕೊಂಡರು. ಲಕ್ಷಾಂತರ ಮನೆಗಳಿಗೆ ಮಕ್ಕಳ ನಗು ಕಳಿಸಿದವರಿಗೆ ಕೊನೆಗಾಲದಲ್ಲಿ ಎಷ್ಟು ಕಾರ್ಡು ಬಂದಿದ್ದವೋ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಮಾಡಿದ್ದೇನೆಂದು ಈಗ ಹೇಳಬೇಕು. ನನ್ನ ಅಮ್ಮ ಬಂದ ಕಾರ್ಡುಗಳನ್ನೆಲ್ಲ ಅಡಿಗೆಮನೆಯ ಗೋಡೆಗೆ ತೂಗುಹಾಕಿದ್ದ ಒಂದು ಕೊಕ್ಕೆತಂತಿಗೆ ಚುಚ್ಚಿಡುತ್ತಿದ್ದಳು. ಚಿತ್ರವಿಲ್ಲ, ಚಿನ್ನದ ಅಂಚಿಲ್ಲ, ನಮ್ಮ ಅಂಚೆ ಇಲಾಖೆಯ ಹಳದಿ ಕಾರ್ಡುಗಳು. ಅಕ್ಕಂದಿರು, ತಂಗಿಯರು, ಅತ್ತಿಗೆಯರು ಬರೆದವು. ‘ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’ ಎಂದು ಮೊದಲಾಗಿ ಬಾಣಂತನ, ಮಳೆ, ಸಾಲ, ವರ ನೋಡಿದ್ದು ಎಲ್ಲವೂ ಅದರಲ್ಲಿ. ಅವಳು ಹೋದ ಮೇಲೆ ಮನೆ ಖಾಲಿ ಮಾಡುವಾಗ ಆ ತಂತಿಯನ್ನು ಇಳಿಸಿದೆ. ಧೂಳು, ಜೇಡರ ಬಲೆ. ಪ್ರತಿ ಕಾರ್ಡಿನ ನಡುವೆಯೂ ತೂತು. ಮಿಂಟ್ ದರ್ಜೆಗೆ ಬಹು ದೂರ. ಎರಡು ಓದಿದೆ, ನಾಳೆ ಶಾಲೆಗೆ ಹೋಗಬೇಕೆಂದು ನೆನಪಾಯಿತು. ಬಚ್ಚಲೊಲೆಗೆ ಹಾಕಿದೆ. ಒಂದು ಹಂಡೆ ನೀರು ಕಾಯಿತು.

ಓಹಾಯೋದ ಅಜ್ಜಿ ಬರೆದ ಕಾರ್ಡಿಗೆ ಮೂರು ಡಾಲರಾದರೂ ಬೆಲೆ ಕಟ್ಟಿದ್ದರು. ನಾನು ಒಂದು ಹಂಡೆ ನೀರಿನ ಬೆಲೆ ಕಟ್ಟಿದೆ. ಆದ್ದರಿಂದ ಈ ತಕರಾರಿನಲ್ಲಿ ಮೊದಲ ಆರೋಪಿ ನಾನೇ.

ಓದುವ ಅಕ್ಕತಂಗಿಯರಿಗೆ ನನ್ನದೊಂದು ಮಾತು. ನಿಮ್ಮ ಅಟ್ಟದಲ್ಲಿಯೋ ಟ್ರಂಕಿನ ತಳದಲ್ಲಿಯೋ ಅಂಥ ಕಟ್ಟೊಂದಿದ್ದರೆ ಒಲೆಯ ಹತ್ತಿರ ಒಯ್ಯಬೇಡಿ. ಇಡುವುದಾದರೆ ಗೋಂದು ಹಚ್ಚಬೇಡಿ. ನಾಲ್ಕು ಮೂಲೆಗೆ ಕಾಗದದ ಮೂಲೆಕಟ್ಟು ಹಾಕಿ, ಬೇಕೆಂದಾಗ ತೆಗೆದು ತಿರುಗಿಸುವ ಹಾಗೆ ಇಡಿ. ರಬ್ಬರ್‌ಬ್ಯಾಂಡ್ ಬೇಡ, ಅದು ಕರಗಿ ಅಂಟಿಕೊಳ್ಳುತ್ತದೆ. ಯಾರು ಯಾರಿಗೆ ಬರೆದದ್ದು ಎಂಬುದನ್ನು ಗೊತ್ತಿರುವವರು ಬದುಕಿರುವಾಗಲೇ ಕೇಳಿ, ಬೇರೆ ಚೀಟಿಯಲ್ಲಿ ಬರೆದಿಡಿ.

ನನ್ನ ಇಪ್ಪತ್ತಮೂರು ಕಾರ್ಡುಗಳು ಒಂದು ಸೀರೆ ಡಬ್ಬದಲ್ಲಿವೆ, ಬೆನ್ನು ಮೇಲಾಗಿ. ಮೊನ್ನೆ ಪಕ್ಕದ ಮನೆಯವರು ಬಂದು ನೋಡಿದರು. ಉಬ್ಬಿದ ಕೆನ್ನೆಯ ಮೇಲೆ ಬೆರಳಾಡಿಸಿ ಖುಷಿಪಟ್ಟರು. ಆಮೇಲೆ ತಿರುಗಿಸಿ, ಶಾಯಿ ನಿಂತ ಅಕ್ಷರಗಳನ್ನು ಕಂಡು, “ಅಯ್ಯೋ, ಇಷ್ಟು ಚೆಂದದ ಕಾರ್ಡಿನ ಮೇಲೆ ಯಾರ್ರೀ ಹೀಗೆ ಗೀಚಿದ್ದು?” ಎಂದರು. “ಕೂತ್ಕೊಳ್ಳಿ, ಓದ್ತೀನಿ” ಎಂದೆ.